ಎರಡು ತಿಂಗಳು ಬರೀ ನಿಲ್ಲೋದೇ ಕಲಿಸಿದರು!

“ಮಮ್ಮಿ, ನಾ ನಾಳಿಂದ ಕ್ಲಾಸಿಗಿ ಹೋಗಲ್ಲ.”

ಒಂಬತ್ತನೇ ಕ್ಲಾಸಿನ ಮಗಳು ಚಪ್ಪಲಿ ಮೂಲೆಗೆ ಒಗೆದು ಒಳಗೆ ಬಂದಳು. ನಾನು ಹೊಲಿಗೆ ಮಷಿನ್ ಮುಂದೆ ಕೂತಿದ್ದೆ. ಏನಾಯ್ತು ಅಂತ ಕೇಳುವ ಮೊದಲೇ ಶುರು ಮಾಡಿದಳು.

“ಎರಡ್ ತಿಂಗಳಾತು. ಒಂದ್ ಒದಿ ಕಲಸಿಲ್ಲ, ಒಂದ್ ಗುದ್ದು ಕಲಸಿಲ್ಲ. ಬರೇ ಕುರ್ಚಿ ಇಲ್ದೆ ಕುರ್ಚಿ ಮ್ಯಾಲ ಕೂಡಸ್ತಾರ. ಸಾಲ್ಯಾಗ ಹೋಮ್‌ವರ್ಕ್ ಮಾಡ್ಲಿಲ್ಲಂದ್ರ ಹಿಂಗೇ ಕೂಡಸ್ತಿದ್ರು. ಅದಕ್ಕ ಫೀಸ್ ಯಾಕ ಕೊಡ್ಬೇಕು?”

ಪೇಪರ್ ಓದುತ್ತಿದ್ದ ಮನೆಯವರು ನಕ್ಕರು. “ಖರೇನೇ ಅದ. ರೊಕ್ಕ ಕೊಟ್ಟು ಶಿಕ್ಷಾ ತಗೊಳ್ಳೋದು ಇದೇ ಮೊದಲು ನೋಡ್ಲತ್ತೀನಿ.”

ನನಗೆ ಮಾತ್ರ ನಗು ಬರಲಿಲ್ಲ. ಅವಳನ್ನು ಆ ಕ್ಲಾಸಿಗೆ ಹಚ್ಚಿದ್ದು ಶೋಕಿಗಲ್ಲ. ಟ್ಯೂಷನ್ ಮುಗಿಸಿ ಸಂಜೆ ಸೈಕಲ್ ಮೇಲೆ ಬರುವಾಗ ಒಬ್ಬ ಹುಡುಗ ನಾಲ್ಕು ದಿನ ಬೈಕ್ ಮೇಲೆ ಹಿಂದೆ ಬಂದಿದ್ದ. ಚಳಿಗಾಲದಾಗ ಬೀದರದಲ್ಲಿ ಕತ್ತಲೂ ಜಲ್ದಿ, ಓಣಿಯ ಬಾಗಿಲುಗಳು ಮುಚ್ಚೋದೂ ಜಲ್ದಿ. ಐದನೇ ದಿನ ಅವಳು ಮನೆಗೆ ಬಂದು ಅತ್ತಳು. ಮನೆಯಲ್ಲಿ ಮೊದಲು ಬಂದ ಮಾತು, “ಟ್ಯೂಷನ್ ಬಿಡಿಸಿ ಬಿಡೋಣ.”

ಆ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಯಾಕಂದ್ರೆ ಇಪ್ಪತ್ತೈದು ವರ್ಷದ ಹಿಂದೆ ನನಗೂ ಇದೇ ಆಗಿತ್ತು. ನಮ್ಮದು ಔರಾದ ತಾಲ್ಲೂಕಿನ ಒಂದು ಹಳ್ಳಿ. ಹತ್ತನೇ ಕ್ಲಾಸು ಮುಗಿಸಿ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಚುಡಾಯಿಸಿದ್ದು ಅಪ್ಪನ ಕಿವಿಗೆ ಬಿತ್ತು. ಮರುದಿನದಿಂದ ಕಾಲೇಜು ಬಂದ್. ಚುಡಾಯಿಸಿದವನಿಗೆ ಏನೂ ಆಗಲಿಲ್ಲ. ಮನೆಯಲ್ಲಿ ಕೂತಿದ್ದು ನಾನು.

ಮಗಳಿಗೆ ಹಾಗಾಗಬಾರದು ಅಂತ ಆ ಹುಡುಗನ ಮನೆಗೆ ಹೋಗಿ ಅವನ ಅವ್ವನ ಜೊತೆ ಮಾತಾಡಿ ಬಂದೆವು. ಟ್ಯೂಷನ್‌ಗೆ ಇಬ್ಬರು ಗೆಳತಿಯರ ಜೊತೆ ಹೋಗುವಂತೆ ಮಾಡಿದೆವು. ಅದರ ಜೊತೆಗೇ ಈ ಕ್ಲಾಸು. ಚೀನಾದ ಸಮರ ಕಲೆ ವುಶು ಕಲಿಸುತ್ತಾರೆ ಅಂತ ಪಕ್ಕದ ಓಣಿಯವರು ಹೇಳಿದ್ದರು. ಈಗ ನೋಡಿದರೆ ಮಗಳೇ ಬ್ಯಾಡ ಅನ್ನುತ್ತಿದ್ದಾಳೆ.

“ನಾಳೆ ನಾನೂ ಬರ್ತೀನಿ ನಡಿ,” ಅಂದೆ. ಜಗಳ ತೆಗೆಯುವ ತಯಾರಿಯಲ್ಲೇ ಹೊರಟಿದ್ದೆ ಅನ್ನಿ.

‘ಅಕ್ಕಾರೆ, ನೀವೇ ಒಂದ್ ನಿಮಿಷ ನಿಂತ್ ನೋಡ್ರಿ’

ಬೆಳಿಗ್ಗೆ ಆರು ಗಂಟೆ. ಮಾಳಿಗೆ ಮೇಲೆ ಇಪ್ಪತ್ತು ಇಪ್ಪತ್ತೆರಡು ಹುಡುಗ ಹುಡುಗಿಯರು. ಎಲ್ಲರೂ ಕಾಲು ಅಗಲ ಮಾಡಿ, ಮೊಣಕಾಲು ಮಡಚಿ, ಮುಷ್ಟಿ ಸೊಂಟಕ್ಕೆ ಹಚ್ಚಿ ನಿಂತಿದ್ದರು. ಮಾತಿಲ್ಲ, ಕತೆಯಿಲ್ಲ. ಕೆಲವರ ತೊಡೆ ಗಡಗಡ ನಡುಗುತ್ತಿತ್ತು. ಸರ್ ಕೈಯಲ್ಲಿ ಗಡಿಯಾರ ಹಿಡಿದು ಸಾಲಿನ ನಡುವೆ ಅಡ್ಡಾಡುತ್ತಿದ್ದರು.

“ಸರ್, ಒದಿ, ಗುದ್ದು ಯಾವಾಗ ಕಲಸ್ತೀರಿ?” ನೇರವಾಗೇ ಕೇಳಿದೆ.

ಅವರು ಸಿಟ್ಟಾಗಲಿಲ್ಲ. “ಅಕ್ಕಾರೆ, ನೀವೇ ಒಂದ್ ನಿಮಿಷ ಹಿಂಗ ನಿಂತ್ ನೋಡ್ರಿ. ಆಮ್ಯಾಲ ಮಾತಾಡೋಣ.”

ಒಂದು ನಿಮಿಷ ಏನು ಮಹಾ ಅಂತ ಸೀರೆ ಸ್ವಲ್ಪ ಎತ್ತಿ ಕಟ್ಟಿ ನಿಂತೆ. ಹತ್ತು ಎಣಿಸುವಷ್ಟರಲ್ಲಿ ತೊಡೆ ಉರಿಯತೊಡಗಿತು. ಹದಿನೈದಕ್ಕೆ ಉಸಿರು ಕಟ್ಟಿತು. ಇಪ್ಪತ್ತೆರಡಕ್ಕೆ ಮಗಳ ಹೆಗಲು ಹಿಡಿದುಕೊಂಡೆ. ಹುಡುಗರು ನಗಲಿಲ್ಲ, ಪಾಪ. ಎಲ್ಲರಿಗೂ ಮೊದಲ ದಿನ ಹೀಗೇ ಆಗಿತ್ತಂತೆ.

ಆಮೇಲೆ ಸರ್ ಮಗಳನ್ನು ಕರೆದರು. ಸೀದಾ ನಿಲ್ಲಿಸಿ ಹೆಗಲಿಗೆ ಬೆರಳು ಹಚ್ಚಿ ನೂಕಿದರು. ಎರಡು ಹೆಜ್ಜೆ ಹಿಂದೆ ಹೋದಳು. ಈಗ ಕಲಿಸಿದಂತೆ ನಿಲ್ಲು ಅಂದರು. ಪಕ್ಕದಿಂದ ಹೆಗಲಿಗೆ ಅಂಗೈ ಇಟ್ಟು ನೂಕಿದರು. ಅವಳು ಅಲುಗಲಿಲ್ಲ. ಎರಡನೇ ಸಲ ಇನ್ನೂ ಜೋರಾಗಿ ನೂಕಿದರು. ಆಗಲೂ ಕದಲಲಿಲ್ಲ. ಅವಳ ಮುಖ ನೋಡಬೇಕಿತ್ತು ನೀವು! ತನ್ನಿಂದ ಇದಾಗುತ್ತದೆ ಅಂತ ಅವಳಿಗೇ ಗೊತ್ತಿರಲಿಲ್ಲ.

“ಮುಂದಿಂದ ನೂಕಿದ್ರ ಬೀಳ್ತಾಳ, ಅದಕ್ಕ ಬ್ಯಾರೆ ನಿಲುವು ಅದ,” ಅಂದರು ಸರ್. “ಕಾಲ್ ಗಟ್ಟಿ ಇಲ್ದವ್ರಿಗಿ ಒದಿ ಕಲಿಸಿದ್ರ ಒದ್ದವ್ರೇ ಬೀಳ್ತಾರ. ಗುದ್ದಿನ ತಾಕತ್ತು ಕೈಯಾಗ ಇಲ್ರೀ, ನೆಲದಾಗ ಅದ. ಅದು ಕಾಲಿಂದ ಸೊಂಟಕ್ಕ, ಸೊಂಟದಿಂದ ಕೈಗಿ ಬರಬೇಕು.”

ಕುದುರೆ ಇಲ್ಲದ ಸವಾರಿ

ಈ ನಿಲುವಿಗೆ ಚೀನಿ ಭಾಷೆಯಲ್ಲಿ ‘ಮಾ ಬು’ ಅಂತ ಹೆಸರು. ಮಾ ಅಂದರೆ ಕುದುರೆ, ಬು ಅಂದರೆ ಹೆಜ್ಜೆ. ಕುದುರೆ ಮೇಲೆ ಕೂತವರ ಕಾಲು ಹೇಗಿರುತ್ತದೋ ಹಾಗೆ. ಆದರೆ ಕೆಳಗೆ ಕುದುರೆ ಇರುವುದಿಲ್ಲ, ಮೈಭಾರ ಎಲ್ಲ ಸ್ವಂತ ತೊಡೆಯ ಮೇಲೆ.

ಕುದುರೆ ಮಾತು ಬಂದಾಗ ನಮ್ಮೂರಿನದೊಂದು ಸಂಗತಿ ನೆನಪಾಯಿತು. 15ನೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಅನ್ನುವ ರಷ್ಯಾದ ವ್ಯಾಪಾರಿ ಒಂದೇ ಒಂದು ಕುದುರೆಯನ್ನು ಹಡಗಿನಲ್ಲಿ ತಂದು, ಊರೂರು ಸುತ್ತಿ, ಕೊನೆಗೆ ಮಾರಿದ್ದು ನಮ್ಮ ಬೀದರದಲ್ಲೇ. ಬಹಮನಿ ಸುಲ್ತಾನರ ರಾಜಧಾನಿಗೆ ಆಗ ಕುದುರೆಗಳು ಅಷ್ಟು ಬೇಕಾಗಿದ್ದವು. ಆ ಕೋಟೆಯ ಊರಿನಲ್ಲಿ ಈಗ ನಮ್ಮ ಮಕ್ಕಳು ಕುದುರೆ ಇಲ್ಲದೆ ಸವಾರಿ ಕಲಿಯುತ್ತಿದ್ದಾರೆ!

ವುಶುವಿನಲ್ಲಿ ಮುಖ್ಯವಾದ ಐದು ನಿಲುವುಗಳಿವೆ. ಕುದುರೆ ನಿಲುವು ಮಾ ಬು. ಮುಂದಿನ ಕಾಲು ಮಡಚಿ ಹಿಂದಿನದು ನೀಟಾಗಿ ಚಾಚುವುದು ಗೊಂಗ್ ಬು, ಅಂದರೆ ಬಿಲ್ಲು. ಒಂದು ಕಾಲಿನ ಮೇಲೆ ಪೂರಾ ಕುಕ್ಕರಿಸಿ ಇನ್ನೊಂದನ್ನು ನೆಲಕ್ಕೆ ಚಾಚುವುದು ಪು ಬು. ಭಾರವೆಲ್ಲ ಹಿಂದಿನ ಕಾಲಿಗೆ ಬಿಟ್ಟು ಮುಂದಿನ ಪಾದ ಹಗುರಾಗಿ ತಾಗಿಸುವುದು ಷು ಬು. ಕಾಲು ಕತ್ತರಿ ಮಾಡಿ ಕೂಡುವುದು ಶ್ಯೆ ಬು. ಎಲ್ಲಕ್ಕೂ ತಳಪಾಯ ಮಾ ಬು. ಅದು ಗಟ್ಟಿಯಾಗುವ ತನಕ ಮುಂದಿನ ಪಾಠ ಇಲ್ಲ.

ಚೀನಾದ ಶಾವೊಲಿನ್ ಮಠ ಕ್ರಿ.ಶ. 495ರಲ್ಲಿ ಸ್ಥಾಪನೆಯಾದದ್ದು. ಅಲ್ಲಿನ ಒಂದು ಸಭಾಂಗಣದ ನೆಲದಲ್ಲಿ 48 ತಗ್ಗುಗಳಿವೆ. ಸನ್ಯಾಸಿಗಳು ತಲೆಮಾರುಗಟ್ಟಲೆ ಅದೇ ಜಾಗದಲ್ಲಿ ಕಾಲು ಅಪ್ಪಳಿಸಿ ಅಭ್ಯಾಸ ಮಾಡಿದ್ದರಿಂದ ಬಿದ್ದ ತಗ್ಗುಗಳು ಅನ್ನುತ್ತಾರೆ. ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮ ಅವರಿಗೆ ಕುಂಗ್‌ಫು ಕಲಿಸಿದ ಅನ್ನುವ ಕತೆ ನೀವೂ ಕೇಳಿರುತ್ತೀರಿ. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ, ಅದು ಬಹಳ ತಡವಾಗಿ ಹುಟ್ಟಿದ ದಂತಕತೆ ಅನ್ನುತ್ತಾರೆ. ಕತೆ ಇರಲಿ, ತಗ್ಗು ಬೀಳುವ ತನಕ ಒಂದೇ ಜಾಗದಲ್ಲಿ ನಿಂತವರ ತಾಳ್ಮೆಗೆ ಮಾತ್ರ ಕೈ ಮುಗಿಯಬೇಕು.

ಈ ಕಲೆ ಈಗ ಕ್ರೀಡೆಯೂ ಹೌದು. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಿಂದ ವುಶು ಅಲ್ಲಿ ಸ್ಪರ್ಧೆಯಾಗಿದೆ. ಅದರಲ್ಲಿ ಎರಡು ವಿಭಾಗ. ನಿಲುವು, ಜಿಗಿತ, ವರಸೆಗಳನ್ನು ಒಬ್ಬರೇ ಮಾಡಿ ತೋರಿಸುವುದು ತಾವೊಲು, ಎದುರಾಳಿಯ ಜೊತೆ ಸೆಣಸುವುದು ಸಾಂದಾ. 2017ರಲ್ಲಿ ರಷ್ಯಾದ ಕಜಾನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದವಳು ಹರಿಯಾಣದ ಪೂಜಾ ಕಾದ್ಯಾನ್. ಮಣಿಪುರದ ರೋಶಿಬಿನಾ ದೇವಿ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದು, 2023ರಲ್ಲಿ ಹಾಂಗ್‌ಝೌನಲ್ಲಿ ಬೆಳ್ಳಿ ಗೆದ್ದಳು. ಇಬ್ಬರೂ ಹೆಣ್ಣುಮಕ್ಕಳೇ. ಈ ಸುದ್ದಿಯನ್ನು ಮನೆಯವರಿಗೆ ಓದಿ ಹೇಳಿದ ಮೇಲೆ ಫೀಸಿನ ಮಾತು ಅವರು ಎತ್ತಿಲ್ಲ.

ನಿಲ್ಲೋದು ಹ್ಯಾಂಗ?

ಮರುದಿನದಿಂದ ನಾನೂ ಚೂಡಿದಾರ ಹಾಕಿಕೊಂಡು ಹಿಂದಿನ ಸಾಲಿಗೆ ಸೇರಿಕೊಂಡೆ. ನಲವತ್ತೊಂದನೇ ವಯಸ್ಸಿನಲ್ಲಿ ಇದೆಲ್ಲ ಬೇಕಾ ಅಂತ ಓಣಿಯವರು ಅಂದರು, ಅನ್ನಲಿ. ಸರ್ ಕಲಿಸಿದ್ದನ್ನು, ನಾನು ಮಾಡಿದ ತಪ್ಪುಗಳ ಜೊತೆಗೇ ಹೇಳುತ್ತೇನೆ.

ಮೊದಲು ಕಾಲು. ಎರಡೂ ಪಾದಗಳ ನಡುವೆ ನಿಮ್ಮದೇ ಪಾದದ ಸುಮಾರು ಮೂರರಷ್ಟು ಅಂತರ ಇರಬೇಕು. ನಾನು ಮನೆಯ ಶಹಾಬಾದ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿಕೊಂಡೆ. ಬೆರಳುಗಳು ಮುಂದೆ ನೋಡಬೇಕು. ನನ್ನ ಪಾದ ಬಾತುಕೋಳಿಯಂತೆ ಹೊರಗೆ ತಿರುಗುತ್ತಿದ್ದವು. ಪೂರಾ ನೇರ ಬರದಿದ್ದರೆ ಸ್ವಲ್ಪ ಹೊರಗಿರಲಿ, ಮೊಣಕಾಲೂ ಅದೇ ದಿಕ್ಕಿಗಿರಲಿ ಅಂದರು.

ಎರಡನೆಯದು ಮೊಣಕಾಲು. ಇದೇ ಎಲ್ಲರೂ ಎಡವುವ ಜಾಗ. ದಣಿದ ಕೂಡಲೇ ಮೊಣಕಾಲು ಒಳಗೆ ಬಾಗುತ್ತವೆ. ಹಾಗಾದರೆ ನೋವು ಗ್ಯಾರಂಟಿ. ನಿಜವಾಗಿ ಕುದುರೆಯ ಹೊಟ್ಟೆ ನಡುವೆ ಇದೆ ಅಂತ ತಿಳಿದು ಹೊರಗೆ ಒತ್ತಿ ಹಿಡಿಯಬೇಕು. ಮೊಣಕಾಲು ಕಾಲ್ಬೆರಳು ದಾಟಿ ಮುಂದೆ ಹೋಗಬಾರದು.

ಮೂರನೆಯದು ಬೆನ್ನು. ನಾನು ಮುಂದಕ್ಕೆ ಬಾಗಿ, ಹಿಂಭಾಗ ಹೊರಗೆ ಚಾಚಿ ನಿಲ್ಲುತ್ತಿದ್ದೆ. ಮಷಿನ್ ಮೇಲೆ ಬಗ್ಗಿ ಬಗ್ಗಿ ಆದ ಚಾಳಿ. ಸರ್ ಬೆನ್ನಿಗೆ ಒಂದು ಕೋಲು ಹಚ್ಚಿದರು. ತಲೆ, ಬೆನ್ನು, ಸೊಂಟದ ಕೆಳಗಿನ ಎಲುಬು ಮೂರೂ ಕೋಲಿಗೆ ತಾಗಬೇಕು. ಅಷ್ಟು ಮಾಡಿದ ಕೂಡಲೇ ತೊಡೆಯ ಉರಿ ಎರಡು ಪಟ್ಟಾಯಿತು! ಅಂದರೆ ಅಲ್ಲಿಯ ತನಕ ಮೋಸ ಮಾಡುತ್ತಿದ್ದೆ ಅಂತ ಅರ್ಥ.

ನಾಲ್ಕನೆಯದು ಎತ್ತರ. ಪೂರ್ಣ ಮಾ ಬುದಲ್ಲಿ ತೊಡೆ ನೆಲಕ್ಕೆ ಸಮನಾಗಿರಬೇಕು, ತೊಡೆ ಮೇಲೆ ನೋಟ್‌ಬುಕ್ ಇಟ್ಟರೆ ಜಾರಬಾರದು. ಹೊಸಬರು ಅಲ್ಲಿಗೆ ಇಳಿಯಬಾರದು. ಅರ್ಧ ಇಳಿದು ಸರಿಯಾಗಿ ನಿಲ್ಲುವುದು, ಪೂರಾ ಇಳಿದು ತಪ್ಪಾಗಿ ನಿಲ್ಲುವುದಕ್ಕಿಂತ ಎಷ್ಟೋ ಪಾಲು ಮೇಲು.

ಐದನೆಯದು ಉಸಿರು. ಮೂಗಿನಿಂದ ಸಾವಕಾಶ ಎಳೆದು ಬಿಡಬೇಕು. ಹಲ್ಲು ಕಚ್ಚಿ ಉಸಿರು ಹಿಡಿದರೆ ಬಿ.ಪಿ. ಒಮ್ಮೆಲೇ ಏರುತ್ತದೆ. ನೋಟ ನೆಲಕ್ಕಲ್ಲ, ಎದುರಿಗೆ.

ಸಮಯದ ಲೆಕ್ಕ ಹೀಗೆ: ಮೊದಲ ವಾರ 20 ಸೆಕೆಂಡಿನಂತೆ ಮೂರು ಸಲ, ನಡುವೆ ಒಂದು ನಿಮಿಷ ಆರಾಮ. ವಾರಕ್ಕೆ ಐದು ಸೆಕೆಂಡು ಏರಿಸಿದರೆ ಸಾಕು. ಮುಗಿದ ಮೇಲೆ ಧಪ್ಪಂತ ಕೂಡಬಾರದು. ಮೇಲೆದ್ದು ನಾಲ್ಕು ಹೆಜ್ಜೆ ಅಡ್ಡಾಡಿ, ಕಾಲು ಜಾಡಿಸಬೇಕು.

ನಡುಕ ಬರೋದು ಯಾಕ?

ಮೈ ಅಲುಗದಿದ್ದರೂ ಸ್ನಾಯುಗಳು ಬಿಗಿಯಾಗಿ ದುಡಿಯುವ ವ್ಯಾಯಾಮ ಇದು. ತೊಡೆಯ ಮುಂಭಾಗ, ಒಳಭಾಗ, ಕುಂಡೆಯ ಸ್ನಾಯುಗಳು ಬಿಡುವಿಲ್ಲದೆ ಭಾರ ಹೊರುತ್ತವೆ. ಒಂದಿಷ್ಟು ನಾರುಗಳು ದಣಿದಾಗ ದೇಹ ಬೇರೆ ನಾರುಗಳನ್ನು ಕೆಲಸಕ್ಕೆ ಕರೆಯುತ್ತದೆ. ಆ ಹೊಂದಾಣಿಕೆ ಏರುಪೇರಾದಾಗ ಕಾಣುವುದೇ ನಡುಕ. ಅದಕ್ಕೆ ಹೆದರಬೇಕಿಲ್ಲ. ಆದರೆ ತೊಡೆ ಉರಿಯುವುದು ಬೇರೆ, ಮೊಣಕಾಲ ಕೀಲಿನಲ್ಲಿ ಚುಚ್ಚುವುದು ಬೇರೆ. ಎರಡನೆಯದು ಬಂದರೆ ಅಲ್ಲಿಗೇ ನಿಲ್ಲಿಸಬೇಕು.

2023ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ ಪತ್ರಿಕೆಯಲ್ಲಿ 270 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ ಬಂತು. ರಕ್ತದೊತ್ತಡ ಇಳಿಸುವುದರಲ್ಲಿ ಹೀಗೆ ಅಲುಗದೆ ಮಾಡುವ ವ್ಯಾಯಾಮಗಳೇ ಎಲ್ಲಕ್ಕಿಂತ ಮುಂದೆ ಇದ್ದವು. ಅದರಲ್ಲೂ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂಡುವುದು ಹೆಚ್ಚು ಫಲ ಕೊಟ್ಟಿತ್ತು. ಅಂದರೆ ನನ್ನ ಮಗಳು ಹೇಳಿದ ಆ ಸಾಲಿ ಶಿಕ್ಷೆ! ಹಾಗಂತ ಬಿ.ಪಿ. ಗುಳಿಗೆ ಬಿಟ್ಟು ಗೋಡೆ ಹಿಡಿಯಬೇಡಿ. ಬಿ.ಪಿ. ಇದ್ದವರು, ಮೊಣಕಾಲು ಸವೆದವರು, ಗರ್ಭಿಣಿಯರು, ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು.

ನನಗಾದ ಲಾಭ ಇಷ್ಟು: ಮೂರು ತಿಂಗಳ ಮೇಲೆ, ನೆಲದಿಂದ ಏಳುವಾಗ ಕೈ ಊರುವುದು ತಪ್ಪಿತು. ಸಂಜೆ ಹೊತ್ತಿನ ಸೊಂಟ ನೋವು ಕಡಿಮೆಯಾಯಿತು. ತೂಕ ಏನೂ ಇಳಿದಿಲ್ಲ, ಸುಳ್ಳು ಯಾಕೆ ಹೇಳಲಿ.

ಮುತ್ಯಾ ಬಂದ

ಯುಗಾದಿಗೆ ಅಪ್ಪ ಹಳ್ಳಿಯಿಂದ ಬಂದ. ನನ್ನ ಕಾಲೇಜು ಬಿಡಿಸಿದ ಅದೇ ಅಪ್ಪ. ಈಗ ಎಪ್ಪತ್ತೈದು ದಾಟಿದೆ. ಹರೆಯದಲ್ಲಿ ಪೈಲ್ವಾನ. ಜಾತ್ರೆ ಕುಸ್ತಿಯಲ್ಲಿ ತೆಂಗಿನಕಾಯಿ ಕುಸ್ತಿಯಿಂದ ಶುರು ಮಾಡಿ ಬೆಳ್ಳಿ ಕಡಗದ ತನಕ ಹೋದವನು.

ಬೆಳಿಗ್ಗೆ ಅಂಗಳದಲ್ಲಿ ಮಗಳು ಮಾ ಬುದಲ್ಲಿ ನಿಂತಿದ್ದಳು. ಅಪ್ಪ ಚಹಾ ಕುಡಿಯುತ್ತ ಕಟ್ಟೆ ಮೇಲೆ ಕೂತಿದ್ದ. ನನಗೆ ಒಳಗೊಳಗೇ ಅಂಜಿಕೆ. ಹೆಣ್ಣುಹುಡುಗಿ ಹೀಗೆ ಕಾಲು ಅಗಲಿಸಿ ನಿಲ್ಲೋದಾ ಅಂತ ಅಂದುಬಿಟ್ಟರೆ?

ಬಹಳ ಹೊತ್ತು ಸುಮ್ಮನೆ ನೋಡಿದ. ಆಮೇಲೆ ಬಶಿ ಕೆಳಗಿಟ್ಟು ಎದ್ದು ಹೋಗಿ, ತನ್ನ ಕೋಲಿನಿಂದ ಅವಳ ಮೊಣಕಾಲು ಮೆತ್ತಗೆ ಹೊರಗೆ ಸರಿಸಿದ.

“ಒಳಗ ಬೀಳ್ಲತ್ತದ ನೋಡ್. ಹೊರಗ ಹಿಡಿ. ಎಷ್ಟ್ ದಿನಾ ಆತು ನಿಲ್ಲಾಕ ಹತ್ತಿ?”

“ಐದ್ ತಿಂಗಳಾತು ಮುತ್ಯಾ. ಮೊದಲ್ ಎರಡ್ ತಿಂಗಳು ಇದೊಂದೇ ಕಲಸಿದ್ರು.”

ಅಪ್ಪ ನಕ್ಕ. “ಎರಡೇ ತಿಂಗಳಾ? ನಮ್ ವಸ್ತಾದ ಆರ್ ತಿಂಗಳು ಕುಸ್ತಿನೇ ಹಿಡಸಿಲ್ಲ. ತಾಲೀಮಿನ್ಯಾಗ ಮಣ್ಣು ಅಗಿ, ಮಣ್ಣಿಗಿ ಎಣ್ಣಿ ಮಜ್ಜಿಗಿ ಹಾಕು, ಬೈಠಕ್ ಹೊಡಿ. ಅಷ್ಟೇ ಕೆಲಸ. ನಾನೂ ಬಿಟ್ಟು ಓಡಿ ಹೋಗಿದ್ದೆ ಒಮ್ಮಿ. ನಮ್ಮಪ್ಪ ಕಿವಿ ಹಿಡ್ದು ತಂದು ಬಿಟ್ಟ.”

ಆಗ ನನಗೆ ಹೊಳೆಯಿತು. ಎಲ್ಲ ಕಡೆಯೂ ಇದೇ ಪಾಠ. ನಮ್ಮ ತಾಲೀಮಿನಲ್ಲಿ ಬೈಠಕ್. ನಾನಕ್ ಝೀರಾ ಗುರುದ್ವಾರದ ಮೆರವಣಿಗೆಯಲ್ಲಿ ಗತ್ಕಾ ಆಡುವ ಸಿಖ್ ಹುಡುಗರನ್ನು ನೋಡಿದ್ದೀರಲ್ಲ, ಅವರೂ ಕತ್ತಿ ಬೀಸುವ ಮೊದಲು ಕಲಿಯುವುದು ಕಾಲಿನ ಹೆಜ್ಜೆಯನ್ನೇ. ಚೀನಾದವರದು ಮಾ ಬು. ಹೆಸರು ಬೇರೆ ಬೇರೆ, ಶುರುವಾಗುವುದು ಮಾತ್ರ ನೆಲದಿಂದಲೇ.

ಅಪ್ಪ ಎಣಿಸತೊಡಗಿದ. “ಏಕ್, ದೋನ್, ತೀನ್...” ತಾಲೀಮಿನ ಎಣಿಕೆ ಇನ್ನೂ ಮರಾಠಿಯಲ್ಲೇ ಇತ್ತು ಅವನಿಗೆ. ಮಗಳು ನಡುಗುತ್ತಲೇ ನಿಂತಿದ್ದಳು. ಅರವತ್ತು ದಾಟಿತು, ನೂರು ದಾಟಿತು. ನೂರ ಇಪ್ಪತ್ತಕ್ಕೆ ನಿಲ್ಲಿಸಿ, “ಶಾಬಾಶ್” ಅಂದ. ಆಮೇಲೆ ನನ್ನ ಕಡೆ ತಿರುಗಿದ.

“ನೀನೂ ನಿಲ್ತಿ ಅಂತಲ್ಲ. ನಿಲ್ಲು, ನೋಡ್ತೀನಿ.”

ನಿಂತೆ. ಅಪ್ಪ ನನಗೂ ಎಣಿಸಿದ. ನಡುವೆ ಒಮ್ಮೆ ಎಣಿಕೆ ತಪ್ಪಿತು. ಮುಖ ಬೇರೆ ಕಡೆ ಮಾಡಿ, “ಆವಾಗ ನನಗ ತಿಳೀಲಿಲ್ಲ ಬಾಯಿ,” ಅಂದ. ಯಾವುದರ ಬಗ್ಗೆ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮತ್ತೆ ಮೊದಲಿಂದ ಎಣಿಸತೊಡಗಿದ. ಹಾಗಾಗಿ ಅವತ್ತು ನಾನು ಬಹಳ ಹೊತ್ತು ನಿಲ್ಲಬೇಕಾಯಿತು.

ಕೊನೆಗೊಂದು ಮಾತು

ಇದನ್ನು ಓದಿ, ಮಗಳಿಗೆ ಮಾ ಬು ಕಲಿಸಿದರೆ ಯಾರೂ ಏನೂ ಮಾಡಲಾರರು ಅಂತ ತಿಳಿಯಬೇಡಿ. ಸರ್ ಮೊದಲ ದಿನವೇ ಹೇಳಿದ್ದರು: ಅಪಾಯ ಬಂದಾಗ ಜೋರಾಗಿ ಕೂಗಬೇಕು, ಜನ ಇರುವ ಕಡೆ ಓಡಬೇಕು, 112ಕ್ಕೆ ಫೋನ್ ಮಾಡಬೇಕು, ಮನೆಯಲ್ಲಿ ಮುಚ್ಚಿಡದೆ ಹೇಳಬೇಕು. ಹೊಡೆದಾಟ ಕಟ್ಟಕಡೆಯ ದಾರಿ. ಮಕ್ಕಳಿಗೆ 1098 ಸಹಾಯವಾಣಿಯೂ ಇದೆ. ತಪ್ಪು ಮಾಡುವವರನ್ನು ತಡೆಯುವುದು ದೊಡ್ಡವರ ಕೆಲಸ, ಅದನ್ನು ಹುಡುಗಿಯರ ತೊಡೆಯ ಬಲಕ್ಕೆ ಬಿಟ್ಟು ನಾವು ಕೈ ತೊಳೆದುಕೊಳ್ಳುವಂತಿಲ್ಲ.

ಆದರೂ ಒಂದು ಬದಲಾವಣೆ ಕಣ್ಣಿಗೆ ಕಾಣುತ್ತದೆ. ಮೊದಲು ನೆಲ ನೋಡಿಕೊಂಡು ನಡೆಯುತ್ತಿದ್ದ ಹುಡುಗಿ ಈಗ ಎದುರಿಗೆ ನೋಡಿ ನಡೆಯುತ್ತಾಳೆ. ಕ್ಲಾಸಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳುತ್ತಾಳಂತೆ, ಅವಳ ಟೀಚರ್ ಹೇಳಿದರು. ಟ್ಯೂಷನ್ ಬಿಟ್ಟಿಲ್ಲ. ಒದಿ, ಗುದ್ದೂ ಈಗ ಶುರುವಾಗಿವೆ. ಅವಳ ಮಾ ಬು ಮೂರು ನಿಮಿಷ, ನನ್ನದು ಒಂದು ನಿಮಿಷ ನಲವತ್ತು ಸೆಕೆಂಡು.

ಮನೆಯವರು? ಅವರು ಮೊನ್ನೆ ಯಾರೂ ಇಲ್ಲದಾಗ ಅಡುಗೆ ಮನೆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದು ಸಿಕ್ಕಿಬಿದ್ದರು. ಹದಿನೆಂಟು ಸೆಕೆಂಡು. ನಾನು ಎಣಿಸಿದ್ದೇನೆ!